ಅಜ್ಜಿಯ ಬಳೆ, ತಾತನ ಫಿಯಟ್, ನನ್ನ ಹವಾಯಿ

ತಾತನ ಕಾರನ್ನು ಗುಜರಿಯವನು ಇಪ್ಪತ್ತೆರಡು ಸಾವಿರಕ್ಕೆ ಕೇಳಿದ್ದ. ಅಪ್ಪ ಇಪ್ಪತ್ತೈದು ಅಂದಿದ್ದರು. ಆ ಮೂರು ಸಾವಿರದ ಚೌಕಾಸಿ ಮುಗಿಯುವ ಮೊದಲೇ ನಾನು ಬೆಂಗಳೂರಿಂದ ಫೋನ್ ಮಾಡಿ, "ಅಪ್ಪಾ, ಇಪ್ಪತ್ತೈದು ನಾನೇ ಕೊಡ್ತೀನಿ, ಕಾರು ನನಗಿರಲಿ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ದುಡ್ಡೇನ್ ಬೇಡ. ತಗೊಂಡ್ ಹೋಗಿ ಎಲ್ಲಿಟ್ಕೋತೀಯ?" ಅಂದರು. ನ್ಯಾಯವಾದ ಪ್ರಶ್ನೆ. ನಾನಿರುವ ಪಿ.ಜಿ.ಯಲ್ಲಿ ಸ್ಕೂಟಿ ನಿಲ್ಲಿಸೋಕೂ ದಿನಾ ಜಗಳ.

ಕಾರು ಅಂದರೆ 1970ರ ಫಿಯಟ್ 1100 ಡಿ. ಮುಂದೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಬದಲಿಸಿಕೊಂಡು, ಮುಂಬೈಯಲ್ಲಿ ಕಪ್ಪು ಹಳದಿ ಟ್ಯಾಕ್ಸಿಯಾಗಿ ಓಡಿದ್ದು ಇದರದ್ದೇ ವಂಶ. 1089 ಸಿ.ಸಿ. ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್, ಮುಂದೆ ಮೂರು ಜನ ಒತ್ತಿಕೊಂಡು ಕೂರಬಹುದಾದ ಉದ್ದ ಸೀಟು. ನಂಬರ್ ಪ್ಲೇಟ್ 'ಎಂ.ವೈ.' ಅಂತ ಶುರುವಾಗುತ್ತೆ. 1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬರುವ ಮೊದಲೇ ರಸ್ತೆಗಿಳಿದ ಗಾಡಿ ಅದು. ಆಗ ಹೊಸ ಫಿಯಟ್ ಬೇಕಂದ್ರೆ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತಂತೆ. ತಾತ ಕಾಯೋ ಜಾತಿಯವರಲ್ಲ. 1974ರಲ್ಲಿ ಸೆಕೆಂಡ್‌ಹ್ಯಾಂಡ್ ತಗೊಂಡರು.

ನಮ್ಮೂರು ಮಧುಗಿರಿಯಿಂದ ಶಿರಾ ಕಡೆ ಹೋಗೋ ದಾರಿಯಲ್ಲಿ. ತಾತ ಕಡಲೆಕಾಯಿ ವ್ಯಾಪಾರಿ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ, ಈ ನಾಲ್ಕೂ ಊರು ಅವರ ವಾರದ ಸುತ್ತು. ನಾಲ್ಕೂ ಕಡೆ ಅವರಿಗೆ ಸಾಲ ಕೊಟ್ಟೋರಿದ್ದರು, ಸಾಲ ತಗೊಂಡೋರೂ ಇದ್ದರು. ಅವರು ತೀರಿಕೊಂಡ ಮೇಲೆ ಕಾರು ಹದಿನಾಲ್ಕು ವರ್ಷ ಹುಣಸೆ ಮರದ ಪಕ್ಕದ ಶೆಡ್ಡಲ್ಲಿ ನಿಂತಿತ್ತು. ಕೋಳಿಗಳು ಹಿಂದಿನ ಸೀಟಲ್ಲಿ ಮೊಟ್ಟೆ ಇಡ್ತಿದ್ದವು. ಡಿಕ್ಕಿಯಲ್ಲಿ ಹಳೇ ಗೋಣಿಚೀಲ, ಒಂದು ತೂಕದ ಬಟ್ಟು, ಹೆಗ್ಗಣದ ಬಿಲ.

ನನ್ನ ತಲೆಯಲ್ಲಿದ್ದದ್ದು ಹವಾಯಿ.

ನಗಬೇಡಿ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳತಿ ಡಿಸೈನರ್. ಕಾರಿನ ಫೋಟೋ ನೋಡಿದ್ದೇ, "ಇದಕ್ಕೆ ಪಾಲಿನೇಷಿಯನ್ ಥೀಮ್ ಮಾಡೋಣ ಕಣೇ" ಅಂದಳು. ಅರ್ಧ ಗಂಟೆಯಲ್ಲಿ ಫೋನ್ ತುಂಬ ಚಿತ್ರ ಕಳಿಸಿದಳು. ಅಮೆರಿಕದ ಹಳೇ ಕಾರುಗಳು, ಸಮುದ್ರದ ನೀಲಿ ಬಣ್ಣ, ಮೇಲೆ ಕಟ್ಟಿದ ಸರ್ಫ್ ಹಲಗೆ, ಬೆತ್ತದ ಸೀಟು, ಗೇರಿನ ತುದಿಗೆ ಹಲ್ಲು ಕಿರಿಯುವ ಮರದ ಮುಖ, ಡ್ಯಾಶ್‌ಬೋರ್ಡ್ ಮೇಲೆ ಸೊಂಟ ಕುಣಿಸೋ ಹುಲಾ ಗೊಂಬೆ. ಬಾಗಿಲ ಉದ್ದಕ್ಕೂ ಕಪ್ಪು ತ್ರಿಕೋನ, ಮೀನಿನ ಹಲ್ಲು, ಅಲೆ ಥರದ ಪಟ್ಟಿ. ನಾನು ಮರುಳಾದೆ. ಸಮುದ್ರದಿಂದ ಇನ್ನೂರೈವತ್ತು ಕಿಲೋಮೀಟರ್ ಒಳಗಿರುವ ಬಯಲುಸೀಮೆಯಲ್ಲಿ, ಕೆರೆಯಲ್ಲೇ ನೀರಿಲ್ಲದ ಕಡೆ, ಸರ್ಫ್ ಹಲಗೆ ಹೊತ್ತ ಕಾರು! ಇನ್‌ಸ್ಟಾಗ್ರಾಮ್‌ಗೆ ಇನ್ನೇನು ಬೇಕು. ಆ ಪಟ್ಟಿಯನ್ನು ವಿನೈಲ್ ಸ್ಟಿಕ್ಕರ್‌ನಲ್ಲಿ ಆರ್ಡರ್ ಮಾಡಿಯೂ ಆಯ್ತು, ಆರು ಸಾವಿರದ ಚಿಲ್ಲರೆ.

ಕಾರಿಗೆ ವೇಷ ಹಾಕೋ ಹುಚ್ಚು ನಮ್ಮ ದೇಶಕ್ಕೆ ಹೊಸದಲ್ಲ ಅಂತ ಸಮಾಧಾನಕ್ಕೆ ಓದಿಕೊಂಡೆ. 1910ರಲ್ಲೇ ಕಲ್ಕತ್ತೆಯ ಒಬ್ಬ ಇಂಗ್ಲಿಷ್ ದೊರೆ ಹಂಸದ ಆಕಾರದ ಕಾರು ಮಾಡಿಸಿಕೊಂಡಿದ್ದ. ಕೊಕ್ಕಿನಿಂದ ಬಿಸಿ ಹಬೆ ಉಗುಳಿ ಜನರನ್ನು ಪಕ್ಕಕ್ಕೆ ಸರಿಸುತ್ತಿತ್ತಂತೆ. ಆಮೇಲೆ ಅದು ನಾಭಾ ಮಹಾರಾಜರ ಮನೆ ಸೇರಿ, ಈಗ ನೆದರ್ಲೆಂಡ್ಸ್‌ನ ಲೌಮನ್ ಮ್ಯೂಸಿಯಮ್ಮಿನಲ್ಲಿದೆ. ಅಂಥವರು ಮಾಡಬಹುದಾದರೆ ಮಧುಗಿರಿಯವಳು ಯಾಕೆ ಮಾಡಬಾರದು?

ಮೊದಲ ಬ್ರೇಕ್ ಹಾಕಿದ್ದು ಚಿಕ್ಕಪ್ಪ. ಮಧುಗಿರಿಗೆ ಈಗ ತನ್ನದೇ ಆರ್.ಟಿ.ಓ. ಇದೆ, ಕೆಎ 64. ಚಿಕ್ಕಪ್ಪನಿಗೆ ಆ ಕಾಗದಪತ್ರ ಎಲ್ಲಾ ಬಾಯಿಪಾಠ. "ಟಾಪ್ ಕತ್ತರಿಸಿ ಓಪನ್ ಕಾರ್ ಮಾಡೋಣ ಅಂತಿದೀವಿ" ಅಂದೆ. ಅವರು ಕಾಫಿ ಲೋಟ ಕೆಳಗಿಟ್ಟು ಪಾಠ ಶುರು ಮಾಡಿದರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ರಚನೆ ಬದಲಾಯಿಸುವ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಬಣ್ಣ ಬದಲಾಯಿಸಬಹುದು, ಆದರೆ ಆರ್.ಸಿ.ಯಲ್ಲಿ ಬರೆಸಬೇಕು. 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ಬಂದಿದೆ. ಐವತ್ತು ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್ ಮೂಲದ ಹಾಗೇ ಇದ್ದರೆ 'ವಿ.ಎ.' ಅಂತ ವಿಶೇಷ ನಂಬರ್ ಸಿಗುತ್ತೆ. "ಭರ್ಜರಿ ಅಲ್ವಾ ಚಿಕ್ಕಪ್ಪ!" ಅಂದೆ. "ಪೂರ್ತಿ ಕೇಳವ್ವ. ಆ ನಂಬರ್ ಹಾಕ್ಕಂಡ್ರೆ ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿ, ಇಂಥದಕ್ಕೆ ಮಾತ್ರ ಈಚೆ ತೆಗೀಬೇಕು. ದಿನಾ ಓಡಿಸೋ ಹಂಗಿಲ್ಲ. ಸಂತೆಗೆ ಹೋಗೋ ಕಾರ್ ಬೇಕೋ, ಶೋಕೇಸ್ ಬೇಕೋ ನೋಡ್ಕೋ."

ಸಂತೆಗೆ ಹೋಗೋ ಕಾರೇ ಬೇಕು ಅಂದೆ. ಅಂದರೆ ಮಾಮೂಲಿ ದಾರಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಗಾಡಿ ಗಟ್ಟಿಯಿದೆಯಾ ಅಂತ ನೋಡಿ ಐದೈದು ವರ್ಷಕ್ಕೆ ನವೀಕರಿಸುತ್ತಾರೆ. ಟಾಪ್ ಉಳಿಯಿತು. ಸರ್ಫ್ ಹಲಗೆ ಹೋಯಿತು.

ಎಂಜಿನ್ ಕೆಲಸದ ಬಗ್ಗೆ ಜಾಸ್ತಿ ಹೇಳಲ್ಲ, ಅದು ಮೂರು ತಿಂಗಳ ಗೋಳು. ಮಧುಗಿರಿಯ ಮೆಕ್ಯಾನಿಕ್ ಮಾವನ ಶೆಡ್ಡಿನಿಂದ ತಲೆ ಎತ್ತಿದರೆ ಆ ಏಕಶಿಲಾ ಬೆಟ್ಟ. ಒಂದೇ ಬಂಡೆ, ಅದರ ಮೈಮೇಲೆ ಬಾಗಿಲ ಮೇಲೆ ಬಾಗಿಲು ಕಟ್ಟಿಕೊಂಡು ಹತ್ತಿದ ಕೋಟೆ. ವೀಕೆಂಡಿಗೆ ಬೆಂಗಳೂರಿನವರು ಶೂ ಹಾಕ್ಕೊಂಡು ಬಂದು ಹತ್ತುತ್ತಾರೆ, ಅರ್ಧಕ್ಕೇ ಕೂತು ಫೋಟೋ ತೆಗೀತಾರೆ. ನಾನು ಕೆಳಗೆ ಗ್ರೀಸ್ ಮೆತ್ತಿಕೊಂಡು ಕೂತಿರ್ತಿದ್ದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದ ಬಿಡಿಭಾಗಗಳನ್ನು ಬ್ಯಾಗಲ್ಲಿ ಹಾಕ್ಕೊಂಡು ಶನಿವಾರ ಬೆಳಿಗ್ಗೆ ಬಸ್ಸು ಹತ್ತೋದು, ಭಾನುವಾರ ರಾತ್ರಿ ವಾಪಸ್. ನೀವೂ ಹಳೇ ಗಾಡಿ ಎತ್ತೋ ಆಸೆಯಲ್ಲಿದ್ದರೆ ಒಂದೇ ಮಾತು: ಪೆಟ್ರೋಲ್ ಹರಿಯೋ ರಬ್ಬರ್ ಪೈಪುಗಳನ್ನು ಮೊದಲು ಬದಲಾಯಿಸಿ. ಈಗಿನ ಪೆಟ್ರೋಲಲ್ಲಿ ಎಥನಾಲ್ ಬೆರೆಸಿರುತ್ತಾರೆ, ಆ ಕಾಲದ ರಬ್ಬರಿಗೆ ಅದು ಆಗಿಬರಲ್ಲ, ಒಳಗಿಂದಲೇ ಪುಡಿಯಾಗುತ್ತೆ.

ಸೀಟು ಕೊರಟಗೆರೆಗೆ ಹೋಯಿತು. ಅಲ್ಲಿ ಅಪ್ಪನ ಪರಿಚಯದ ಕುಶನ್ ಕೆಲಸದವರಿದ್ದರು. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಹಸಿರು ಅಂತ ಕಣ್ಣಿಗೆ ಬೀಳೋದು ಕೊರಟಗೆರೆಯಲ್ಲೇ. ಜಯಮಂಗಲಿ, ಸುವರ್ಣಮುಖಿ ಹರಿಯೋ ಕಡೆ ತೆಂಗು, ಅಡಿಕೆ, ಆ ಕಡೆ ಸಿದ್ಧರಬೆಟ್ಟ, ಗೊರವನಹಳ್ಳಿ ಮಹಾಲಕ್ಷ್ಮಿಗೆ ಹೋಗೋ ಬಸ್ಸುಗಳ ಸಾಲು. ಬೆತ್ತದ ಸೀಟಿನ ಚಿತ್ರ ತೋರಿಸಿದೆ. ಕುಶನ್ ಅಣ್ಣ ಒಪ್ಪಲೂ ಇಲ್ಲ, ಬೇಡ ಅನ್ನಲೂ ಇಲ್ಲ, ಹಳೇ ರೆಕ್ಸಿನ್ನನ್ನು ಬ್ಲೇಡಿನಿಂದ ಸರ್ರಂತ ಸೀಳಿದರು. ಒಳಗೆ ಸ್ಪ್ರಿಂಗು, ಸ್ಪ್ರಿಂಗಿನ ಮೇಲೆ ದಪ್ಪಕ್ಕೆ ಕಂದು ಬಣ್ಣದ್ದೇನೋ. ಕೈಯಲ್ಲಿ ಹಿಂಜಿ ನೋಡಿದೆ. ತೆಂಗಿನ ನಾರು!

"ಮೊದ್ಲೆಲ್ಲಾ ಇದೇ ಹಾಕ್ತಿದ್ದದ್ದು ಮೇಡಂ. ಸ್ಪಂಜ್ ಬಂದಿದ್ದು ಆಮೇಲೆ" ಅಂದರು ಅಣ್ಣ. ನನಗೆ ನಗು ಬಂತು. ಪಾಲಿನೇಷಿಯಾದ ದ್ವೀಪಗಳಲ್ಲಿ ತೆಂಗು ಅಂದರೆ ಸರ್ವಸ್ವ. ಅವರು ಮೊಳೆಯೇ ಇಲ್ಲದೆ ದೋಣಿ ಕಟ್ಟಿದ್ದು ತೆಂಗಿನ ನಾರಿನ ಹುರಿಯಿಂದ. ಹಲಗೆಗೆ ಹಲಗೆ ಹೊಲಿದು, ನಕ್ಷತ್ರ ಮತ್ತು ಅಲೆ ನೋಡಿಕೊಂಡು ಸಾವಿರಾರು ಮೈಲಿ ಹೋದರು. 1976ರಲ್ಲಿ 'ಹೊಕುಲೆಆ' ಅನ್ನೋ ದೋಣಿ ಯಾವ ಉಪಕರಣವೂ ಇಲ್ಲದೆ ಹವಾಯಿಯಿಂದ ತಹೀತಿಗೆ ಹೋಗಿ, ಅದು ಬರೀ ಕಥೆಯಲ್ಲ ಅಂತ ತೋರಿಸಿತು. ನಾನು ಇಂಟರ್ನೆಟ್ಟಲ್ಲಿ ಹುಡುಕ್ತಿದ್ದ ಪಾಲಿನೇಷಿಯಾ ತಾತನ ಸೀಟಿನೊಳಗೆ ಐವತ್ತು ವರ್ಷದಿಂದ ಕೂತಿತ್ತು. ಹೊಸ ನಾರು ತುಂಬಿಸಿ, ಮೇಲೆ ದಪ್ಪ ಹತ್ತಿ ಬಟ್ಟೆ ಹೊಲಿಸಿದೆ. ಗೇರಿನ ತುದಿಗೆ ಹಲ್ಲು ಕಿರಿಯೋ ಮುಖದ ಬದಲು ತೆಂಗಿನ ಮರದ ನುಣುಪಾದ ಗುಂಡು.

ಇಷ್ಟರವರೆಗೂ ಎಲ್ಲಾ ತಮಾಷೆಯಾಗೇ ಇತ್ತು. ತಿರುಗಿದ್ದು ಶಿರಾದಲ್ಲಿ.

ಶಿರಾ ಗೊತ್ತಲ್ಲ, ಬೆಂಗಳೂರು ಪೂನಾ ಹೈವೇಯಲ್ಲಿ ಎಲ್ಲರೂ ಟೀ ಕುಡಿದು ಮುಂದೆ ಹೋಗೋ ಊರು. ಒಳಗೆ ಬಂದರೆ 1651ರ ಮಲಿಕ್ ರಿಹಾನ್ ಗೋರಿ, 1696ರ ಜುಮ್ಮಾ ಮಸೀದಿ. ಮೊಗಲರ ದಕ್ಷಿಣದ ಸುಬಾಗೆ ಇದೇ ರಾಜಧಾನಿ. ನಮ್ಮ ಲಾಲ್‌ಬಾಗಿಗೆ ಮಾದರಿ ಶಿರಾದ ತೋಟ ಅಂತಾರೆ. ಅಲ್ಲೊಬ್ಬರು ಪೇಂಟರ್ ಸಾಬ್ರು, ಎಪ್ಪತ್ತರ ಹತ್ತಿರದವರು. ಜೀವನವೆಲ್ಲ ಲಾರಿಗಳಿಗೆ ಕುಂಚದಲ್ಲೇ ಬಣ್ಣ ಬರೆದವರು. ಸ್ಟಿಕ್ಕರ್ ಬಂದ ಮೇಲೆ ಕೆಲಸ ಕಮ್ಮಿ. ಅವರ ಮುಂದೆ ನನ್ನ ಆರು ಸಾವಿರದ ವಿನೈಲ್ ಸುರುಳಿ ಬಿಚ್ಚಿದೆ. ಅವಮಾನ ಮಾಡ್ತಿದೀನೇನೋ ಅಂತ ಆಗಲೇ ಹೊಳೀಬೇಕಿತ್ತು, ಹೊಳೀಲಿಲ್ಲ.

ಸಾಬ್ರು ಕನ್ನಡಕ ಏರಿಸಿಕೊಂಡು ಆ ಕಡೆಯಿಂದ ಈ ಕಡೆವರೆಗೂ ನಿಧಾನಕ್ಕೆ ನೋಡಿದರು. "ಚೆನ್ನಾಗದೆ. ಏನ್ ಬರ್ದದೆ ಇದ್ರಲ್ಲಿ?"

"ಬರೆದಿರೋದೇನಿಲ್ಲ, ಡಿಸೈನ್ ಅಷ್ಟೇ."

"ಲಾರಿ ಮ್ಯಾಲೆ ನಾನು ಹುಲಿ ಬರುದ್ರೂ ಓನರ್‌ನ ಕೇಳ್ತಿದ್ದೆ ಮೇಡಂ, ಯಾಕೆ ಹುಲಿ ಅಂತ. ಮಗಳ ಹೆಸ್ರು ಬರ್ಸೋನು ಮಗಳ ಹೆಸ್ರು, ದೇವ್ರು ಬರ್ಸೋನು ದೇವ್ರು. ಇದು ಯಾರ್ದು?"

ಉತ್ತರ ಗೊತ್ತಿರಲಿಲ್ಲ. ಅವರೇನು ಒತ್ತಾಯ ಮಾಡಲಿಲ್ಲ. ಬಾಗಿಲ ಮೂಲೆಯಲ್ಲಿ ಬ್ಲೇಡಿನಿಂದ ಬಣ್ಣ ಕೆರೆಯತೊಡಗಿದರು. ಮೇಲೆ ಬಿಳಿ, ಅದರ ಕೆಳಗೆ ಇನ್ನೊಂದು ಬಿಳಿ, ಅದರಡಿ ಕೆಂಪು ಪ್ರೈಮರ್, ಕೊನೆಗೆ ತಗಡಿಗಂಟಿದ ತೆಳು ಹಸಿರು ನೀಲಿ. ಮೊದಲ ಬಣ್ಣ. ನನ್ನ ಗೆಳತಿ ಕಳಿಸಿದ್ದ ಸಮುದ್ರದ ನೀಲಿಗಿಂತ ಒಂಚೂರು ಮಂಕು, ಅಷ್ಟೇ. "ಇದನ್ನೇ ಹಾಕ್ತೀನಿ" ಅಂದರು. ಸರಿ ಅಂದೆ.

ಆ ರಾತ್ರಿ ಊರಲ್ಲಿ ಕೂತು ಫೋನಲ್ಲಿ ಓದಿದೆ. ನಾನು 'ಪಾಲಿನೇಷಿಯನ್ ಥೀಮ್' ಅಂದುಕೊಂಡಿದ್ದು ಪಾಲಿನೇಷಿಯಾದ್ದೇ ಅಲ್ಲ! 1930ರ ದಶಕದಲ್ಲಿ, ಅಮೆರಿಕದಲ್ಲಿ ಪಾನನಿಷೇಧ ಮುಗಿದ ಹೊಸದರಲ್ಲಿ, ಹಾಲಿವುಡ್ಡಿನ 'ಡಾನ್ ದ ಬೀಚ್‌ಕೋಂಬರ್' ಥರದ ಬಾರುಗಳು ಶುರು ಮಾಡಿದ ಅಲಂಕಾರ ಅದು. ಬಿದಿರು, ಮುಖವಾಡ, ರಮ್ಮು. ಅಲ್ಲಿನ ದ್ವೀಪಗಳಲ್ಲಿ 'ಟಿಕಿ' ಅಂದರೆ ಪೂರ್ವಜರ, ದೇವರ ಪ್ರತಿಮೆ. ಮಾವೊರಿಗಳ ಕಥೆಯಲ್ಲಿ ಮೊದಲ ಮನುಷ್ಯನ ಹೆಸರೇ ಟಿಕಿ. ನಾನು ಗೇರಿಗೆ ಸಿಗಿಸೋಕೆ ಹೊರಟಿದ್ದು ಯಾರದೋ ಮನೆದೇವರನ್ನು. ಆ ಕಪ್ಪು ಪಟ್ಟಿ ಇನ್ನೂ ಗಹನ. ಅದು ಮೈಮೇಲೆ ಚುಚ್ಚಿಸಿಕೊಳ್ಳೋದು. ಇಂಗ್ಲಿಷಿನ ಟ್ಯಾಟೂ ಅನ್ನೋ ಪದ ಬಂದಿದ್ದೇ ಅವರ 'ತತೌ'ದಿಂದ. ಕ್ಯಾಪ್ಟನ್ ಕುಕ್ಕನ ಹಡಗಿನವರು 1769ರಲ್ಲಿ ತಹೀತಿಯಲ್ಲಿ ಕೇಳಿ ತಂದ ಮಾತು. ಸಮೋವಾದಲ್ಲಿ ಗಂಡಸರಿಗೆ ಸೊಂಟದಿಂದ ಮೊಣಕಾಲವರೆಗೆ ಹಾಕುತ್ತಾರೆ, ಬಾಚಣಿಗೆಯಂಥ ಉಪಕರಣ ಇಟ್ಟು ಕೋಲಿನಿಂದ ತಟ್ಟಿ ತಟ್ಟಿ, ದಿನಗಟ್ಟಲೆ. ಮಾವೊರಿಗಳ ಮುಖದ ಮೇಲಿನ 'ಮೊಕೊ' ಅವರ ವಂಶಾವಳಿಯನ್ನೇ ಹೇಳುತ್ತೆ. ಅದನ್ನು ಕಂಡಕಂಡಲ್ಲಿ ಅಲಂಕಾರಕ್ಕೆ ಬಳಸಿದರೆ ಅವರು ಸಿಟ್ಟಾಗೋದು ಅದಕ್ಕೇ.

ಅಜ್ಜಿ ಪಕ್ಕದಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದರು. ಎಂಬತ್ತೆರಡು ವರ್ಷ. ಕಣ್ಣು ಮಂಜು, ಕಿವಿ ಚುರುಕು. "ಯಾತ್ರ ಚಿತ್ರ ಮಗ ಅದು?" ಅಂತ ಫೋನ್ ಹತ್ತಿರ ತಗೊಂಡರು. ಸಮೋವಾದ ಹೆಂಗಸೊಬ್ಬರ ಕಾಲಿನ ಹಚ್ಚೆ.

"ಹಚ್ಚೆ ಅಲ್ವಾ!" ಅಂದವರು ಸೆರಗು ಸರಿಸಿ ಎಡಗೈ ದೀಪಕ್ಕೆ ಹಿಡಿದರು. "ನಂದೂ ನೋಡು."

ಹುಟ್ಟಿದಾಗಿಂದ ನೋಡಿದ ಕೈ. ಆ ಕೈಯಲ್ಲೇ ಅನ್ನ ತಿಂದಿದೀನಿ. ಯಾವತ್ತೂ ನೋಡಿರಲಿಲ್ಲ ಅಂತ ಅವತ್ತು ಗೊತ್ತಾಯ್ತು. ಮೊಣಕೈ ಕೆಳಗೆ ತೊಟ್ಟಿಲಂಥದ್ದು, ಅದರ ಎರಡೂ ಪಕ್ಕ ಚುಕ್ಕಿ ಸಾಲು, ಮುಂಗೈ ಹತ್ತಿರ ಒಂದು ಚೇಳು. ಎಲ್ಲಾ ಹಸಿರಾಗಿ, ಅಂಚು ಹರಡಿಕೊಂಡು. ಕೊರವಂಜಿ ಬಂದು ಜಗಲಿ ಮೇಲೆ ಕೂರಿಸಿ ಹಾಕಿದ್ದಂತೆ, ಮದುವೆಗೆ ಮೊದಲು. ಸೂಜಿ ಚುಚ್ಚುವಾಗ ಅಳದೇ ಇರಲಿ ಅಂತ ಹಾಡ್ತಾ ಹಾಡ್ತಾ. ಕೂಲಿಗೆ ರಾಗಿ, ಒಂದು ಹಳೇ ಸೀರೆ. "ಚೇಳು ಯಾಕಜ್ಜಿ?" ಅಂದೆ. "ನಮ್ಮವ್ವನ ಕೈಲೂ ಚೇಳಿತ್ತು. ಅದ್ಕೆ." ಆಮೇಲೆ ಇನ್ನೊಂದು ಮಾತು, ಅಡಿಕೆ ಜಗೀತಾ, ಏನೂ ದೊಡ್ಡ ವಿಷಯ ಅಲ್ಲ ಅನ್ನೋ ಹಾಗೆ: "ಸತ್ತಾಗ ಮೈಮ್ಯಾಲಿನ ಒಡವೆ ಎಲ್ಲಾ ಬಿಚ್ಕತಾರೆ. ಇದೊಂದು ಬಿಚ್ಚಕ್ಕಾಗಲ್ಲ. ನನ್ ಒಡವೆ ಸಾಯಾಕ್ ಮುಂಚೇನೇ ಬಿಚ್ಕಂಡ್ರು ಬುಡು."

"ಯಾರಜ್ಜಿ?"

"ನಿಮ್ ತಾತ. ಆ ಕಾರ್ ತರಕ್ಕೆ. ಎರಡ್ ಜೊತೆ ಬಳೆ, ಒಂದ್ ಅಡ್ಡಿಕೆ. ಸುಗ್ಗಿ ಆದ್ಮೇಲೆ ಬಿಡಿಸ್ಕೊಡ್ತೀನಿ ಅಂದ್ರು. ಎಷ್ಟ್ ಸುಗ್ಗಿ ಬಂದ್ವೋ ಏನೋ."

ಅಪ್ಪ ಜಗಲಿಯಲ್ಲಿದ್ದರು. ಕೇಳಿಸಿತು ಅಂತ ಕಾಣುತ್ತೆ, ಎದ್ದು ಹೊರಗೆ ಹೋದರು. ಹಿಂದೆ ಹೋದೆ. ಶೆಡ್ಡು ಖಾಲಿ, ಕಾರು ಶಿರಾದಲ್ಲಿತ್ತು. ಖಾಲಿ ಶೆಡ್ಡಿನ ಮುಂದೆ ನಿಂತು ಅಪ್ಪ ಹೇಳಿದರು: "ನಾನಾಗ ಏಳನೇ ಕ್ಲಾಸು. ಕಾರ್ ಬಂದ ದಿವಸ ಊರೆಲ್ಲ ಸೇರಿತ್ತು. ಅವ್ವ ಆರತಿ ಎತ್ತಿದ್ಳು, ಕೈಲಿ ಗಾಜಿನ ಬಳೆ. ನಂಗೆ ಕಾರ್ ನೋಡಿದಾಗೆಲ್ಲ ಆ ಕೈನೇ ಕಾಣೋದು. ಗುಜರಿಗೆ ಹೋಗ್ಲಿ ಅಂದಿದ್ದು ಸುಮ್ನೆ ಅಲ್ಲ." ಇಷ್ಟು ಮಾತು ಅಪ್ಪ ನನ್ನ ಹತ್ತಿರ ಒಟ್ಟಿಗೆ ಆಡಿದ್ದು ಕಮ್ಮಿ. "ಅಜ್ಜಿ ಆ ಕಾರಲ್ಲಿ ಎಷ್ಟು ಸಲ ಹೋಗಿದ್ರಪ್ಪ?" ಅಂತ ಕೇಳಿದೆ. ಅವರು ಲೆಕ್ಕ ಹಾಕಿದರು. ಒಮ್ಮೆ ಆಸ್ಪತ್ರೆಗೆ, ಒಮ್ಮೆ ಗೊರವನಹಳ್ಳಿಗೆ, ನನ್ನ ಅತ್ತೆ ಮದುವೆಗೆ ಒಮ್ಮೆ. ಹಿಂದಿನ ಸೀಟಲ್ಲಿ. ವಾರವಾರ ಪಾವಗಡಕ್ಕೆ ಹೋಗ್ತಿದ್ದ ಕಾರಲ್ಲಿ ಅಜ್ಜಿ ಪಾವಗಡ ನೋಡಿರಲೇ ಇಲ್ಲ.

ಬೆಳಿಗ್ಗೆ ಅಜ್ಜಿಯನ್ನು ಕೇಳಿದೆ: ನಿನ್ನ ಹಚ್ಚೆಯನ್ನು ಕಾರಿನ ಮೇಲೆ ಬರೆಸಲಾ? ಖುಷಿಯಾಗ್ತಾರೆ ಅಂದುಕೊಂಡಿದ್ದೆ.

"ಬ್ಯಾಡ."

"ಯಾಕಜ್ಜಿ?"

"ಬೀದೀಲಿ ತಿರಗೋ ಗಾಡಿ ಮ್ಯಾಲೆ ನನ್ ಕೈ ಯಾಕೆ? ಕಂಡೋರೆಲ್ಲ ನೋಡಕ್ಕಾ?"

ಮಾವೊರಿಗಳು ಹೇಳೋದೂ ಹೆಚ್ಚುಕಮ್ಮಿ ಇದನ್ನೇ. ನಾನು ಸುಮ್ಮನಾದೆ. ಆದರೆ ಮಧ್ಯಾಹ್ನ ಊಟದ ಹೊತ್ತಿಗೆ ಅಜ್ಜಿಯೇ ಮತ್ತೆ ಎತ್ತಿದರು. "ಒಳಗಡೆ ಎಲ್ಲಾರಾ ಜಾಗ ಐತಾ? ಮುಚ್ಕಳ ಇರೋ ಕಡೆ?" ಇತ್ತು. ಮುಂದಿನ ಸೀಟಿನೆದುರು ಸಾಮಾನು ಇಡೋ ಪೆಟ್ಟಿಗೆ. ಅದರ ಮುಚ್ಚಳದ ಒಳಮೈ.

ಶಿರಾಕ್ಕೆ ಫೋನ್ ಮಾಡಿದೆ. ಸಾಬ್ರು, "ಅಮ್ಮೋರ ಕೈ ನಾನು ಹಿಡಿಯೋದು ಬ್ಯಾಡ, ನೀವೇ ಕಾಪಿ ಮಾಡ್ಕೊಂಡು ಬನ್ನಿ" ಅಂದರು. ಬಟರ್ ಪೇಪರ್ ತಂದು ಅಜ್ಜಿಯ ಕೈಮೇಲೆ ಹಾಸಿ ಪೆನ್ಸಿಲ್ ಹಿಡಿದೆ. ಸುಲಭ ಅಂದುಕೊಂಡಿದ್ದೆ. ಅಜ್ಜಿಯ ಚರ್ಮ ಸಡಿಲ. ಪೇಪರ್ ಒತ್ತಿದರೆ ಚೇಳು ಉದ್ದವಾಗುತ್ತೆ, ಬಿಟ್ಟರೆ ಮುದುಡುತ್ತೆ. ಗೆರೆ ಎಲ್ಲಿ ಮುಗಿಯಿತು, ನರ ಎಲ್ಲಿ ಶುರುವಾಯಿತು ಗೊತ್ತಾಗಲ್ಲ. ನಾಲ್ಕು ಹಾಳೆ ಹಾಳಾಯ್ತು. ಐದನೇದರ ಹೊತ್ತಿಗೆ ಅಜ್ಜಿ ತಾವೇ ಬಲಗೈಯಿಂದ ಎಡಗೈಯ ಚರ್ಮ ಎಳೆದು ಹಿಡಿದರು. ಆಗ ಒಂದು ಕ್ಷಣಕ್ಕೆ ಗೆರೆಗಳೆಲ್ಲ ನೆಟ್ಟಗಾದವು. ಮದುವೆಗೆ ಮೊದಲಿನ ಹುಡುಗಿಯ ಕೈ. "ಬ್ಯಾಗ ಬರಕೊ, ಕೈ ನೋಯ್ತದೆ" ಅಂದರು. ಚೇಳಿಗೆ ಏಳೇ ಕಾಲು. ಎಂಟನೇದಕ್ಕೆ ಕೊರವಂಜಿಗೆ ಬೇಜಾರಾಯ್ತೋ, ಅಜ್ಜಿ ಕೈ ಎಳ್ಕೊಂಡರೋ ನೆನಪಿಲ್ಲವಂತೆ. ಏಳೇ ಬರೆದೆ.

ಸಾಬ್ರು ಅದನ್ನು ಬರೆದದ್ದು ಒಂದೇ ಮಧ್ಯಾಹ್ನದಲ್ಲಿ, ಅಳಿಲು ಕೂದಲಿನ ಸಣ್ಣ ಕುಂಚದಲ್ಲಿ, ಕಪ್ಪಲ್ಲ, ಹಚ್ಚೆಯದೇ ಹಸಿರಿನಲ್ಲಿ. ಹಾಳೆ ನೋಡಿ ಅವರೂ ಕಾಲು ಎಣಿಸಿದರು. "ಒಂದು ಹಾಕ್ಲಾ?" ಬೇಡ ಅಂದೆ. ತಲೆ ಆಡಿಸಿದರು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಶಿರಾದಿಂದ ಬರುವಾಗ ಒಂದು ಕಂಬಳಿಯನ್ನೂ ತಂದೆ, ಸೀಟಿಗೆ ಹಾಸೋಕೆ. ಫೋಟೋದಲ್ಲಿ ಚೆಂದ. ಬಯಲುಸೀಮೆ ಬಿಸಿಲಲ್ಲಿ ಹತ್ತು ನಿಮಿಷ ಕೂತು ನೋಡಿ, ಬೆನ್ನೆಲ್ಲ ಚುಚ್ಚುತ್ತೆ. ಅದೀಗ ಡಿಕ್ಕಿಯಲ್ಲಿದೆ.

ಪಾವಗಡಕ್ಕೆ ಹೊರಟಿದ್ದು ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ. ಅಜ್ಜಿ ಮುಂದೆ, ಅಪ್ಪ ಹಿಂದೆ. ಅಪ್ಪ ಬರಲ್ಲ ಅಂದಿದ್ದರು, ಹೊರಡೋ ಹೊತ್ತಿಗೆ ನೀರಿನ ಕ್ಯಾನ್ ಹಿಡ್ಕೊಂಡು ಹತ್ತಿ ಕೂತರು. ಡ್ಯಾಶ್‌ಬೋರ್ಡ್ ಮೇಲೆ ಗೆಳತಿ ಕೊಟ್ಟ ಹುಲಾ ಗೊಂಬೆ ಮಾತ್ರ ಉಳಿದಿತ್ತು. ಅದನ್ನು ಅಜ್ಜಿ ಬಹಳ ಹೊತ್ತು ನೋಡಿದರು. "ಕುಣಿಯೋದೇನೋ ಕುಣೀತದೆ, ಒಂದ್ ಬಟ್ಟೆ ಹಾಕ್ಬಾರ್ದಾ ಅದ್ಕೆ?" ಮಿಡಿಗೇಶಿ ತಲುಪೋಷ್ಟರಲ್ಲಿ ಗೊಂಬೆಗೆ ಕರ್ಚೀಫಿನ ಸೀರೆ ಬಂದಿತ್ತು.

ಮಿಡಿಗೇಶಿ ದಾಟಿ ಸ್ವಲ್ಪ ದೂರಕ್ಕೆ ಗಾಡಿ ಕೆಮ್ಮಿ ನಿಂತಿತು. ಬಿಸಿಲು ಆಗಲೇ ಏರಿತ್ತು. ಬಾನೆಟ್ ಎತ್ತಿ ನೋಡಿದೆ, ಮೆಕ್ಯಾನಿಕ್ ಮಾವನಿಗೆ ಫೋನ್ ಮಾಡಿದೆ, ಸಿಗ್ನಲ್ ಇಲ್ಲ. ಅಜ್ಜಿ ಒಳಗಿಂದಲೇ, "ಒದ್ದೆ ಬಟ್ಟೆ ಸುತ್ತು ಮಗ, ಪೆಟ್ರೋಲ್ ಬರೋ ಕಡೀಕೆ. ನಿಮ್ ತಾತ ಅದನ್ನೇ ಮಾಡ್ತಿದ್ದದ್ದು. ಹಳೇ ಸೀರೆ ಹರ್ಕೊಡು ಅಂತ ವಾರವಾರ ನನ್ ತಾವ ಇಸ್ಕೊಂಡು ಹೋಗೋರು" ಅಂದರು. ಪೆಟ್ರೋಲ್ ಪಂಪ್ ಕಾದರೆ ಒಳಗೆ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟುತ್ತೆ. ಹಳೇ ಫಿಯಟ್ ಓಡಿಸಿದ ಎಲ್ಲರಿಗೂ ಗೊತ್ತಿರೋ ಕಾಯಿಲೆ, ನನಗೆ ಬಿಟ್ಟು. ಅಪ್ಪ ಹೆಗಲ ಟವೆಲ್ ನೆನೆಸಿ ಸುತ್ತಿದರು. ಹತ್ತು ನಿಮಿಷ ಹುಣಸೆ ಮರದ ನೆರಳಲ್ಲಿ ಕೂತೆವು. ಮೂವರೂ ಕಡಲೆಕಾಯಿ ತಿಂದೆವು. ಗಾಡಿ ಹೊರಟಿತು.

ಪಾವಗಡ ನಕ್ಷೆಯಲ್ಲಿ ನೋಡಬೇಕು. ಹೆಚ್ಚುಕಮ್ಮಿ ಸುತ್ತ ಆಂಧ್ರ, ನಡುವೆ ನಮ್ಮ ತಾಲ್ಲೂಕು. ಅಂಗಡಿಯಲ್ಲಿ ತೆಲುಗಲ್ಲಿ ಕೇಳಿ ಕನ್ನಡದಲ್ಲಿ ಚಿಲ್ಲರೆ ಕೊಡ್ತಾರೆ. ಶನಿಮಹಾತ್ಮನ ಗುಡಿ ಮುಂದೆ ಕಾರು ನಿಲ್ಲಿಸಿದರೆ ಜನ ದೇವರನ್ನು ಬಿಟ್ಟು ಕಾರನ್ನು ನೋಡಿದರು. ಒಬ್ಬ ಮುದುಕರು ಬಂದು ಬಾನೆಟ್ ಸವರಿ, ನಂಬರ್ ಪ್ಲೇಟ್ ನೋಡಿ, "ಕಡಲೆಕಾಯಿ ಸಾವ್ಕಾರ್ರ ಗಾಡಿ ಅಲ್ವಾ?" ಅಂದರು. ಅಪ್ಪ ಹೌದಂದರು. "ನನ್ಗೆ ನೂರ ಎಂಬತ್ ರೂಪಾಯಿ ಕೊಡೋದ್ ಬಾಕಿ ಇತ್ತು ಅವ್ರು" ಅಂತ ನಕ್ಕರು. ಅಜ್ಜಿ ಕಿಟಕಿಯಿಂದ, "ನನ್ಗೂ ಬಾಕಿನೇ ಅಣ್ಣ" ಅಂದರು.

ಅಪ್ಪ ನಗಲಿಲ್ಲ. ಆದರೆ ಅಲ್ಲಿಂದ ಮುಂದಕ್ಕೆ ಕಾರು ಅವರೇ ಓಡಿಸಿದರು.

ತಿರುಮಣಿ ಕಡೆ ಹೋದೆವು. ಸೋಲಾರ್ ಪಾರ್ಕ್ ನೋಡೋಕೆ. 2,050 ಮೆಗಾವಾಟ್, ಐದು ಹಳ್ಳಿಗಳ ಹದಿಮೂರು ಸಾವಿರ ಎಕರೆ. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ತಾತ ಕಡಲೆಕಾಯಿ ಕೊಳ್ಳೋಕೆ ಬರ್ತಿದ್ದ ಹೊಲಗಳೂ ಅದರೊಳಗಿರಬಹುದು. ದಿಬ್ಬ ಹತ್ತಿದಾಗ ಅಪ್ಪ ಕಾರು ನಿಧಾನ ಮಾಡಿದರು. ಕಣ್ಣು ಹರಿಯೋವರೆಗೂ ನೀಲಿ.

"ಯಾವ್ ಕೆರೆ ಇದು? ಇಷ್ಟ್ ನೀರೈತೆ!" ಅಂದರು ಅಜ್ಜಿ.

ನಾನು ಹೇಳೋಕೆ ಹೋದೆ. ಅಪ್ಪ ಕನ್ನಡಿಯಲ್ಲಿ ನನ್ನ ಕಡೆ ನೋಡಿದರು, ಸುಮ್ಮನಾದೆ. ಆಮೇಲೆ ಅವರೇ ನಿಧಾನಕ್ಕೆ ಬಿಡಿಸಿ ಹೇಳಿದರು, ಗಾಜಿನ ಹಲಗೆ, ಬಿಸಿಲು, ಕರೆಂಟು. ಅಜ್ಜಿ ಕೇಳಿಸಿಕೊಂಡರು. "ಕಡಲೆಕಾಯಿಗಿಂತ ವಾಸಿನಾ?" ಅಂತ ಕೇಳಿದರು. ವಾಪಸ್ ಬರೋ ದಾರಿಯಲ್ಲಿ ಎದುರಿನ ಪೆಟ್ಟಿಗೆ ತೆರೆದು, ಮುಚ್ಚಳದ ಒಳಗಿನ ಚೇಳಿನ ಮೇಲೆ ಬೆರಳಾಡಿಸಿ, ಎಲೆ ಅಡಿಕೆ ಚೀಲವನ್ನು ಅದರೊಳಗಿಟ್ಟು ಮುಚ್ಚಿದರು.

ಕಾರು ಈಗ ಊರಲ್ಲೇ ಇದೆ. ವಿನೈಲ್ ಸುರುಳಿ ನನ್ನ ಪಿ.ಜಿ.ಯ ಬೀರು ಮೇಲಿದೆ, ಯಾರಿಗಾದರೂ ಬೇಕಿದ್ದರೆ ಮೊದಲು ಅದು ಯಾರದ್ದು ಅಂತ ಓದಿಕೊಂಡು ಕೇಳಿ. ಶುಕ್ರವಾರ ಅಪ್ಪ ಫೋನ್ ಮಾಡಿದ್ದರು. ಹಿಂದಿನ ಚಕ್ರದ ಬ್ರೇಕ್ ಶೂ ಸವೆದಿದೆ, ಬರುವಾಗ ಜೆ.ಸಿ. ರಸ್ತೆಯಿಂದ ಒಂದು ಸೆಟ್ ತಗೊಂಡು ಬಾ ಅಂದರು. ಅಜ್ಜಿ ಮುಂದಿನ ವಾರ ಕೊರಟಗೆರೆ ಸಂತೆಗೆ ಹೋಗಬೇಕಂತೆ.